ಏಳು ನಿಮಿಷ, ಎಂಟು ಸಹಿ

ಜನವರಿ 11

ಗುಬ್ಬೀ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ ಎಂದು ಈಗ ನನಗೂ ಅರ್ಥವಾಗಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದದೆ ಹರಿದುಹಾಕುವಷ್ಟು ಕೋಪ ಇದೆಯೋ ಏನೋ ತಿಳಿಯದು. ಹರಿಯುವ ಮೊದಲು ಇದೊಂದು ವಿಷಯ ನೋಡಿಬಿಡು, ಇದು ನಿನ್ನ ಕಾಲೇಜಿನದು.

ನಿನ್ನ ವಿಭಾಗದಿಂದ ಮನೆಗೆ ಒಂದು ಲಕೋಟೆ ಬಂತು, ನಿಮ್ಮಪ್ಪನ ಹೆಸರಿಗೆ. ಎರಡು ದಿನ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದೆ. ಅವರ ಹೆಸರಿನ ಕಾಗದ ಒಡೆಯಲು ಇನ್ನೂ ಕೈ ಬರುವುದಿಲ್ಲ. ಕೊನೆಗೆ ಒಡೆದೆ. ಸಂವಹನ ಪದವಿ ಪಡೆಯಲು ಏನೇನು ಪೂರೈಸಬೇಕು, ನೀನು ಏನೇನು ಪೂರೈಸಿದ್ದೀಯ ಎಂಬ ಪಟ್ಟಿ ಅದು. ಒಟ್ಟು ನೂರಿಪ್ಪತ್ತು ಕ್ರೆಡಿಟ್ ಬೇಕಂತೆ. ಈ ಅವಧಿಯ ಪಾಠಗಳನ್ನೂ ಸೇರಿಸಿದರೆ ನಿನ್ನದು ನೂರ ಹದಿನೇಳು.

ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ನೋಡುತ್ತ ಹೋದೆ. ಮಾಧ್ಯಮ ಕಾನೂನು, ಆಗಿದೆ. ಅಂಕಿಅಂಶ, ಆಗಿದೆ. ಅದನ್ನು ನಿಮ್ಮಪ್ಪ ರಾಕ್ಷಸ ಎಂದೇ ಕರೆಯುತ್ತಿದ್ದರು, ಅಷ್ಟು ಅಳಿಸಿತ್ತಲ್ಲ ನಿನ್ನನ್ನು. ಎರಡನೇ ಭಾಷೆ, ಆಗಿದೆ. ಆ ಭಾಷೆಯಲ್ಲಿ ನಿಮ್ಮಪ್ಪನೂ ಸಲೂನಿನ ಗಿರಾಕಿಗಳಿಗೆ ಹೇಳಲು ನಿನ್ನಿಂದ ಮೂರು ಮಾತು ಕಲಿತಿದ್ದರು: ತಲೆ ಬಗ್ಗಿಸಿ, ನೋವಾಯಿತೇ, ಮುಗಿಯಿತು. ರೇಡಿಯೋ ಕೇಂದ್ರದ ತರಬೇತಿ, ಸಂಶೋಧನಾ ವಿಧಾನ, ಬರವಣಿಗೆ, ಎಲ್ಲದರ ಮುಂದೆಯೂ ಗುರುತಿದೆ. ಒಂದೇ ಒಂದು ಖಾಲಿ. 'ಸಾರ್ವಜನಿಕ ಭಾಷಣ, ಕಡ್ಡಾಯ, ಮೂರು ಕ್ರೆಡಿಟ್.'

ಅದರಲ್ಲಿ ನಿನಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂದಿದೆ ಎಂದು ಆ ದಿನ ನೀನೇ ಹೇಳಿದ್ದೆ, ನಾನು ನಿನಗೆ ಸುದ್ದಿ ತಿಳಿಸುವ ಮೊದಲು. ಹಾಗಾದರೆ ಇದು ಅವರ ತಪ್ಪೇ ಇರಬೇಕು. ಮೇ ಮೊದಲ ವಾರದೊಳಗೆ ಆ ಸಾಲು ತುಂಬದಿದ್ದರೆ ಪದವಿ ಕೊಡುವುದಿಲ್ಲ ಎಂದು ಕೆಳಗೆ ಬರೆದಿದ್ದಾರೆ. ಹೋಗಿ ಕೇಳು. ಕೇಳಿ ನನಗೊಂದು ಸಾಲು ಬರೆ. ಒಂದೇ ಸಾಲಾದರೂ ಸಾಕು.

ನಿನ್ನ ಅಮ್ಮ


ಜನವರಿ 26

ಅಮ್ಮಾ,

ವಿಭಾಗದವರು ತಪ್ಪು ಮಾಡಿಲ್ಲ. ಆ ಅಂಕ ಬೇಡ ಅಂತ ನಾನೇ ಬರೆದುಕೊಟ್ಟು ತೆಗೆಸಿದೆ.

ನವೆಂಬರ್ ಹತ್ತೊಂಬತ್ತು, ಬುಧವಾರ, ಬೆಳಿಗ್ಗೆ ಹನ್ನೊಂದು. 'ನನ್ನ ಅಪ್ಪ ಜನರನ್ನು ಹೇಗೆ ಮಾತಾಡಿಸುತ್ತಾರೆ' ಅನ್ನೋದು ನನ್ನ ವಿಷಯ. ನಲವತ್ತು ಜನ ಕೂತಿದ್ದರು. ಅಪ್ಪನ ಸಲೂನಿನಲ್ಲಿ ಗಿರಾಕಿಗಳ ಮುಂದೆ ನಾನು ಭಾಷಣ ಕಲಿತದ್ದು, ಕುತ್ತಿಗೆ ಮೇಲೆ ಕತ್ತಿ ಇದ್ದದ್ದರಿಂದ ಅವರು ಯಾರೂ ಎದ್ದು ಹೋಗಲಾರದೆ ಇದ್ದದ್ದು, ಎಲ್ಲ ಹೇಳಿದೆ. ಎಲ್ಲರೂ ನಕ್ಕರು. 'ಈ ಹೊತ್ತಿಗೆ ಅವರು ಎರಡನೇ ಗಿರಾಕಿಯ ಮುಖಕ್ಕೆ ಬಿಸಿ ಟವೆಲ್ ಹಾಕಿರುತ್ತಾರೆ' ಅಂದೆ. ಚಪ್ಪಾಳೆ ಹೊಡೆದರು. ಆ ಹೊತ್ತಿಗೆ ಅಪ್ಪ ಹೋಗಿ ಹದಿನೆಂಟು ಗಂಟೆ ಆಗಿತ್ತು.

ಹಿಂದಿನ ಸಂಜೆ ನಾನು ನಿನಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಕೊಡು ಅಂದೆ. 'ಮಲಗಿದ್ದಾರೆ' ಅಂದೆ ನೀನು. ಬರೀ ಜ್ವರ ಅಂತಲೇ ನನಗೆ ಹೇಳಿದ್ದೆಯಲ್ಲ, ಆಸ್ಪತ್ರೆಗೆ ಸೇರಿಸಿದ್ದೂ ಗೊತ್ತಿರಲಿಲ್ಲ. ಎಬ್ಬಿಸಬೇಡ, ಕಿವಿ ಹತ್ತಿರ ಫೋನ್ ಇಡು, ನಿದ್ದೆಯಲ್ಲೇ ಕೇಳಿಸಿಕೊಳ್ಳಲಿ ಅಂತ ಪೂರ್ತಿ ಭಾಷಣ ಹೇಳಿದೆ. ಏಳು ನಿಮಿಷ. ಮುಗಿಸಿ, 'ನಕ್ಕರಾ?' ಅಂತ ಕೇಳಿದೆ. ನೀನು 'ಹೂಂ' ಅಂದೆ.

ನಾಲ್ಕು ವರ್ಷದಿಂದ ನಾನು ಇಲ್ಲಿ ಕಲಿಯುತ್ತಿರುವುದೇ ಸಂವಹನ. ಆ 'ಹೂಂ' ಸುಳ್ಳು ಅಂತ ನನಗೆ ಗೊತ್ತಾಗಲಿಲ್ಲ. ಇಂಥವಳಿಗೆ ಯಾಕೆ ಪದವಿ?

ಫೋನ್ ಎತ್ತದಿರುವುದು ಹಟದಿಂದಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಆ ಒಂದೇ ಮಾತು ಕೇಳಿಸುತ್ತದೆ.

ಗುಬ್ಬಿ


ಫೆಬ್ರವರಿ 6

ಗುಬ್ಬೀ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ. ಏಳನೇ ಕ್ಲಾಸಿನ ಓದು ಇಷ್ಟು ದೊಡ್ಡ ವಿಷಯಕ್ಕೆ ಸಾಲುತ್ತಿಲ್ಲ. ದಿನಾ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವವಳು ನಾನು. ಆದರೆ ಅದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ ಇರುತ್ತದೆ. ಇವತ್ತಿಗೆ ಇಲ್ಲಿಯ ಸುದ್ದಿಯನ್ನಷ್ಟೇ ಬರೆಯುತ್ತೇನೆ.

ಸಲೂನನ್ನು ನಿನ್ನ ಎಡಗೈ ಚಿಕ್ಕಪ್ಪನೇ ನಡೆಸುತ್ತಿದ್ದಾನೆ. ಹದಿನಾರು ವರ್ಷ ನಿಮ್ಮಪ್ಪನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡಿದವನು, ಅವರ ಕುರ್ಚಿಯಲ್ಲಿ ಮಾತ್ರ ಯಾರನ್ನೂ ಕೂರಿಸುವುದಿಲ್ಲ. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾನೆ. ಹಾಗೆ ಹೊದಿಸಬೇಡ, ನೋಡಲಾಗುವುದಿಲ್ಲ ಎಂದೆ. 'ಧೂಳು ಬೀಳ್ತದೆ ಅತ್ತಿಗೆ' ಎಂದು ಅತ್ತ ತಿರುಗಿದ. ತಲೆಯಲ್ಲಿ ಒಂದು ಕೂದಲೂ ಇಲ್ಲದ ಆ ಮೇಷ್ಟ್ರು ಈಗಲೂ ವಾರಕ್ಕೊಮ್ಮೆ ಬರುತ್ತಾರೆ. 'ಕತ್ತರಿಸೋಕೆ ಏನು ಉಳಿದಿದೆ ಮೇಷ್ಟ್ರೇ?' ಎಂದರೆ, 'ಏನೂ ಉಳಿದಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೇ ಬಂದೆ ಕಣಯ್ಯ' ಎನ್ನುತ್ತಾರೆ. ಬಂದು ಕನ್ನಡಿಯ ಮುಂದೆ ಕೂರುತ್ತಾರೆ. ಯಾರೊಬ್ಬರೂ ಏನನ್ನೂ ಕೇಳದಿದ್ದರೆ ಎದ್ದು ಹೋಗುತ್ತಾರೆ. ನಿಮ್ಮಪ್ಪ ಯಾರನ್ನೂ ಮುಖ ನೋಡಿ ಪ್ರಶ್ನೆ ಕೇಳುತ್ತಿರಲಿಲ್ಲ, ನೆನಪಿದೆಯಾ? ಹಿಂದೆ ನಿಂತು ಕನ್ನಡಿಯಲ್ಲಿ ಕೇಳುತ್ತಿದ್ದರು. 'ಎದುರಿಗೆ ಕೇಳಿದ್ರೆ ಜನ ಬಾಯಿ ಬಿಡಲ್ಲ, ಕನ್ನಡೀಲಿ ಕೇಳಿದ್ರೆ ಹೊಟ್ಟೇಲಿರೋದೆಲ್ಲ ಹೇಳ್ತಾರೆ.' ಎಡಗೈಗೆ ಅದು ಬರುವುದಿಲ್ಲ. ಅವನು ಎದುರಿಗೇ ಬಂದು ನಿಂತು ಕೇಳುತ್ತಾನೆ, ಅವರು ತಡವರಿಸುತ್ತಾರೆ.

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ನನ್ನ ಕೆಲಸ ಎಂದಿನಂತೆ. ಹೊಸದಾಗಿ ಒಬ್ಬಳು ಸೇರಿದ್ದಾಳೆ, ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುವುದನ್ನು ಕಲಿಸುತ್ತಿದ್ದೇನೆ. ಹೊಲಿಗೆ ಚೆನ್ನಾಗಿ ಹಾಕುತ್ತಾಳೆ, ಆದರೆ ದಾರದ ಗಂಟನ್ನು ಮೇಲೆ ಬಿಡುತ್ತಾಳೆ. ಗಂಟು ಕೆಳಗೆ ಬರಬೇಕಮ್ಮ, ಮಲಗಿದವರ ಮೈಗೆ ತಾಗಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ತಿಂಗಳುಗಟ್ಟಲೆ ಮಲಗಿದವರಿಗೆ ಒಂದು ಗಂಟು ಸಾಕು, ಚರ್ಮ ಒಡೆಯುತ್ತದೆ.

ಬರೆಯಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೇನೆ. ನನಗೂ ಗೊತ್ತು.

ಅಮ್ಮ


ಫೆಬ್ರವರಿ 21

ಮಾನ್ಯರೇ,

ತಾವು ಈ ತಿಂಗಳ ಹತ್ತರಂದು ವಿಭಾಗಕ್ಕೆ ಬರೆದ ಪತ್ರ ತಲುಪಿದೆ. ತಮ್ಮ ಮಗಳ ವಿಷಯದಲ್ಲಿ, ಈಗಾಗಲೇ ಕಳುಹಿಸಿರುವ ಪಟ್ಟಿಗಿಂತ ಹೆಚ್ಚಿನದನ್ನು ಅವರ ಒಪ್ಪಿಗೆಯಿಲ್ಲದೆ ನಾನು ತಿಳಿಸುವಂತಿಲ್ಲ. ಆದರೆ ನಿಯಮಗಳನ್ನು ಯಾರಿಗೆ ಬೇಕಾದರೂ ತಿಳಿಸಬಹುದು.

ಸಾರ್ವಜನಿಕ ಭಾಷಣಕ್ಕೆ ವಿನಾಯಿತಿ ಇಲ್ಲ. ಬೇರೆ ಪಾಠದ ಕ್ರೆಡಿಟ್ ತಂದು ಅದರ ಜಾಗ ತುಂಬಲು ಬರುವುದಿಲ್ಲ. ಪಾಠಗಳಿಗೆ ಹಾಜರಾಗಿ ಕೊನೆಯ ಭಾಷಣದ ಅಂಕವನ್ನಷ್ಟೇ ಹಿಂದಿರುಗಿಸಿದ ವಿದ್ಯಾರ್ಥಿಗಳು ಏಪ್ರಿಲ್ ಮೂವತ್ತರೊಳಗೆ ಇನ್ನೊಮ್ಮೆ ಮಾತನಾಡಬಹುದು. ವಿಷಯ ಹೊಸದಾಗಿರಬೇಕು. ಅವಧಿ ಏಳು ನಿಮಿಷ. ಕಾಲೇಜಿನಲ್ಲೇ ಆಗಬೇಕೆಂದಿಲ್ಲ. ಹೊರಗೆ ಮಾತನಾಡುವುದಾದರೆ ಕನಿಷ್ಠ ಎಂಟು ಮಂದಿ ವಯಸ್ಕರು ಮೊದಲಿಂದ ಕೊನೆಯವರೆಗೆ ಕೂತು ಕೇಳಿ, ಹಾಳೆಯಲ್ಲಿ ಸಹಿ ಹಾಕಿ, ತಾವು ಕೇಳಿದ್ದರ ಬಗ್ಗೆ ಒಂದು ಸಾಲು ಬರೆಯಬೇಕು. ಭಾಷಣವನ್ನು ರೆಕಾರ್ಡ್ ಮಾಡಿ ಕಳುಹಿಸಬೇಕು. ಆ ಎಂಟರಲ್ಲಿ ಕುಟುಂಬದವರು ಒಬ್ಬರಿಗಿಂತ ಹೆಚ್ಚು ಇರಬಾರದು.

ನಿಯಮಕ್ಕೆ ಸೇರದ ಒಂದು ಮಾತು. ನವೆಂಬರಿನಲ್ಲಿ ಆ ಸಭಾಂಗಣದ ಕೊನೆಯ ಸಾಲಿನಲ್ಲಿ ನಾನೂ ಇದ್ದೆ. ಅವತ್ತು ಸಂಜೆ, ಎಷ್ಟೋ ದಿನಗಳ ಮೇಲೆ, ನನ್ನ ತಂದೆಗೆ ಫೋನ್ ಮಾಡಿದೆ.

ವಿಭಾಗದ ಕಚೇರಿ ಸಹಾಯಕಿ


ಮಾರ್ಚ್ 2

ಅಮ್ಮಾ,

ನನ್ನನ್ನು ಕೇಳದೆ ಆಫೀಸಿಗೆ ಯಾಕೆ ಬರೆದೆ? ನಿಯಮದ ಹಾಳೆಗೆ ಪಿನ್ ಹೊಡೆದು ನನಗೆ ಕಳಿಸಿದ್ದೀಯ, 'ಕುಟುಂಬದವರು ಒಬ್ಬರು' ಅನ್ನೋ ಜಾಗದಲ್ಲಿ ಪೆನ್ಸಿಲ್‌ನಿಂದ ಗೆರೆ ಬೇರೆ. ಆಫೀಸಿನ ಅಕ್ಕ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, 'ನಿಮ್ಮಮ್ಮನ ಅಕ್ಷರ ಎಷ್ಟು ದುಂಡಗಿದೆ ಕಣೇ' ಅಂದಳು. ನಾಲ್ಕು ಜನರ ಎದುರಿಗೆ ಕಣ್ಣಲ್ಲಿ ನೀರು ಬಂತು. ಇದು ನಿನಗೆ ಇಷ್ಟವಾಗುತ್ತದೆ ಅಂತ ಬರೆಯುತ್ತಿಲ್ಲ.

ಗೆಳತಿಯರೆಲ್ಲ ಮೇ ತಿಂಗಳಿಗೆ ಬಟ್ಟೆ ಹೊಲಿಸುತ್ತಿದ್ದಾರೆ. ರೇಡಿಯೋದವರು ಪದವಿ ಕೈಗೆ ಬಂದರೆ ಕೆಲಸ ಇದೆ ಅಂದಿದ್ದಾರೆ. ನನಗೆ ಬೇಡ ಅಂತೇನಿಲ್ಲ. ಎರಡು ಸಲ ಖಾಲಿ ತರಗತಿಯಲ್ಲಿ ನಿಂತು ನೋಡಿದೆ. ಬಾಯಿ ತೆರೆದರೆ, ಎದುರಿಗೆ ಕೂತವರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅಂತ ಯೋಚನೆ ಬರುತ್ತದೆ. ಮಾತು ಹೊರಡುವುದಿಲ್ಲ.

ತೇಪೆ, ಕನ್ನಡಿ, ಮೇಷ್ಟ್ರು, ಅದೆಲ್ಲ ಓದಿದೆ. ಚೆನ್ನಾಗಿತ್ತು. ಆದರೆ ನಾನು ಒಂದೇ ಒಂದು ಕೇಳುತ್ತೇನೆ, ಸುತ್ತು ಬಳಸದೆ ಹೇಳು. ಆ ಸಂಜೆ ನಾನು ಮಾತಾಡುತ್ತಿದ್ದಾಗ ಫೋನನ್ನು ಎಲ್ಲಿ ಇಟ್ಟಿದ್ದೆ? ಮೇಜಿನ ಮೇಲಾ? ನಿನ್ನ ಮಡಿಲಲ್ಲಾ? ಪ್ರತಿ ದಿನ ನನ್ನ ಕಣ್ಣಿಗೆ ಒಂದೊಂದು ಜಾಗ ಕಾಣುತ್ತದೆ. ಯಾವುದಾದರೂ ಒಂದು ಅಂತ ಆದರೆ ಸಾಕು.

ಗುಬ್ಬಿ


ಮಾರ್ಚ್ 10

ಗುಬ್ಬೀ,

ಅವರ ಕಿವಿಯ ಹತ್ತಿರ ಇಟ್ಟಿದ್ದೆ.

ಇಷ್ಟನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ಪೂರ್ತಿ ಬರೆಯುತ್ತೇನೆ.

ಅವರು ಹೋದದ್ದು ನಾಲ್ಕು ನಲವತ್ತಕ್ಕೆ. ಡಾಕ್ಟರು ಬಂದು ನೋಡಿ, ಕಾಗದ ತರಲು ಹೋಗಿದ್ದರು. ನರ್ಸಮ್ಮ ಸುತ್ತ ಪರದೆ ಎಳೆದಿದ್ದಳು. ಎಷ್ಟೋ ವರ್ಷದಿಂದ ಆ ವಾರ್ಡಿಗೆ ಬಟ್ಟೆ ಕೊಡುತ್ತ ಬಂದವಳು ನಾನು, ಅವರು ಮಲಗಿದ್ದ ಹಾಸಿಗೆ ಬಟ್ಟೆಯಲ್ಲೂ ಕಾಲಿನ ಕಡೆ ನನ್ನದೇ ಒಂದು ತೇಪೆ ಇತ್ತು. ಅದನ್ನು ನೋಡುತ್ತ ಕೂತಿದ್ದೆ. ಆಗ ನಿನ್ನ ಫೋನ್ ಬಂತು.

ನಿಮ್ಮಪ್ಪ ಹಿಂದಿನ ದಿನ ಹೇಳಿದ್ದು ನಿಜ. 'ಗುಬ್ಬಿ ಭಾಷಣ ಮುಗಿಸಲಿ. ಅರ್ಧ ಶೇವ್ ಮಾಡಿ ಎಬ್ಬಿಸಿ ಕಳಿಸಬಾರದು ಕಣೇ.' ನೀನು ಬಂದ ದಿನ ಎಲ್ಲರಿಗೂ ಇದನ್ನೇ ಹೇಳಿದೆ, ನಿನಗೂ ಇದನ್ನೇ ಹೇಳಿದೆ. ಅವರ ಮಾತಿನ ಹಿಂದೆ ಅಡಗಿ ಕೂತೆ. ಆದರೆ ನಾನು ಬಾಯಿ ಮುಚ್ಚಿಕೊಂಡದ್ದು ಅದಕ್ಕಲ್ಲ. 'ಅಪ್ಪನಿಗೆ ಕೊಡು' ಎಂದು ನೀನು ಎಷ್ಟು ಸಲೀಸಾಗಿ ಕೇಳಿದೆ ಗೊತ್ತಾ? ಪಕ್ಕದ ಕೋಣೆಯಲ್ಲಿ ಇರುವವರನ್ನು ಕೇಳುವ ಹಾಗೆ. ನನ್ನ ಪಾಲಿಗೆ ಅವರು ಹೋಗಿದ್ದರು, ಡಾಕ್ಟರ ಪಾಲಿಗೆ ಹೋಗಿದ್ದರು, ಎಡಗೈ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ನಿನ್ನೊಬ್ಬಳ ಮಟ್ಟಿಗೆ ಅವರು ಇನ್ನೂ ಇದ್ದರು. ಆ ಒಂದು ಜಾಗದಲ್ಲಾದರೂ ಇನ್ನೊಂದು ದಿನ ಇರಲಿ ಎನಿಸಿತು. ಅದಕ್ಕೆ ಮಲಗಿದ್ದಾರೆ ಎಂದೆ. ನಿನ್ನ ಒಳ್ಳೆಯದಕ್ಕೆ ಮಾಡಿದೆ ಎಂದು ಇನ್ನು ಹೇಳುವುದಿಲ್ಲ. ನನಗೋಸ್ಕರ ಮಾಡಿದೆ.

ಕಿವಿ ಹತ್ತಿರ ಇಡು ಎಂದೆ ನೀನು. ಇಟ್ಟೆ. ದನಿ ನನಗೂ ಕೇಳಲಿ ಎಂದು ನನ್ನ ಕೆನ್ನೆಯನ್ನು ಅವರ ಕೆನ್ನೆಗೆ ತಾಗಿಸಿ ಕೂತೆ. ಇನ್ನೂ ಬೆಚ್ಚಗಿತ್ತು. ನರ್ಸಮ್ಮ ಪರದೆ ಸರಿಸಿದಳು, ನೋಡಿದಳು, ಏನೂ ಕೇಳದೆ ಮತ್ತೆ ಎಳೆದು ಹೊರಗೆ ನಿಂತಳು. ಕಾಗದ ಹಿಡಿದು ಬಂದ ಡಾಕ್ಟರನ್ನೂ ಅಲ್ಲೇ ನಿಲ್ಲಿಸಿದಳು. ಎರಡು ನಿಮಿಷಕ್ಕೆ ತೋಳು ಸೋತಿತು. ಕೈ ಬದಲಿಸಿದರೆ ನಿನ್ನ ಒಂದು ಮಾತು ಅವರಿಗೆ ತಪ್ಪಿಹೋಗುತ್ತದೆ ಎಂದು ಬದಲಿಸಲಿಲ್ಲ. ಹುಚ್ಚಿ ಎನ್ನು ಬೇಕಾದರೆ.

ಇನ್ನೊಂದಿದೆ. ಕುತ್ತಿಗೆ ಮೇಲೆ ಕತ್ತಿ ಇದ್ದದ್ದರಿಂದ ಯಾರೂ ಎದ್ದು ಹೋಗುತ್ತಿರಲಿಲ್ಲ ಎಂದೆಯಲ್ಲ, ಆಗ ನನಗೆ ನಗು ಬಂತು. ಆ ಹಾಸಿಗೆಯ ಪಕ್ಕ ಕೂತು, ಅವರ ಕೆನ್ನೆಗೆ ಕೆನ್ನೆ ಇಟ್ಟು, ನಕ್ಕೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನೀನು ನಕ್ಕರಾ ಎಂದು ಕೇಳಿದಾಗ ಹೂಂ ಎಂದದ್ದು ಆ ನಗುವಿನ ಮೇಲೆ.

ಅವತ್ತಿನ ನೋಟ್‌ಬುಕ್ಕಿನ ಹಾಳೆಯನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ಎರಡು ಸಾಲು ಬರೆಯುವವಳು ಅವತ್ತು ಎರಡೇ ಪದ ಬರೆದಿದ್ದೇನೆ, ನೋಡು. 'ಏಳು ನಿಮಿಷ.'

ಆ ಪಟ್ಟಿಯ ಖಾಲಿ ಸಾಲಿಗಾಗಿ ಇದನ್ನು ಬರೆದದ್ದಲ್ಲ. ಭಾಷಣ ಮಾಡುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಕುಟುಂಬದ ಒಬ್ಬರು ಎಂಬಲ್ಲಿ ಗೆರೆ ಎಳೆದದ್ದು ಆಸೆಯಿಂದ. ಅಳಿಸಿಬಿಡು.

ಅಮ್ಮ


ಏಪ್ರಿಲ್ 3

ಅಮ್ಮಾ,

ನೋಟ್‌ಬುಕ್ಕಿನ ಹಾಳೆಯನ್ನು ಮೂರು ವಾರ ಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ಅದಕ್ಕೇ ತಡವಾಯಿತು.

ಈಗ ನನಗೆ ಒಂದೇ ಜಾಗ ಕಾಣುತ್ತದೆ.

ಹದಿನೆಂಟನೇ ತಾರೀಕು ಬೆಳಿಗ್ಗೆ ಹತ್ತಕ್ಕೆ, ಸಲೂನಿನಲ್ಲಿ. ಚಿಕ್ಕಪ್ಪನಿಗೆ ಹೇಳಿ ಏಳು ಜನರನ್ನು ಹಿಡಿದು ಕೂರಿಸು. ಮೇಷ್ಟ್ರನ್ನು ಮರೆಯಬೇಡ. ಕತ್ತಿ ತೋರಿಸಿ ಕೂರಿಸುವುದು ನಿಯಮಕ್ಕೆ ವಿರುದ್ಧ ಅಂತ ಚಿಕ್ಕಪ್ಪನಿಗೆ ಹೇಳು. ಚಿಕ್ಕಪ್ಪ ಕುಟುಂಬದ ಲೆಕ್ಕಕ್ಕೆ ಬರುತ್ತಾನಾ ಅಂತ ಆಫೀಸಿನ ಅಕ್ಕನನ್ನು ಕೇಳಿದೆ. ರಕ್ತಸಂಬಂಧ ಇಲ್ಲವಾದರೆ ಬರುವುದಿಲ್ಲ ಅಂದಳು. ಅವನಿಗೆ ನಿಧಾನವಾಗಿ ತಿಳಿಸು.

ವಿಷಯ ಏನು ಅಂತ ಈಗ ಹೇಳುವುದಿಲ್ಲ. ಅಪ್ಪನ ಕುರ್ಚಿಯ ಮೇಲಿನ ಬಟ್ಟೆ ತೆಗೆಸು. ಕುಟುಂಬದ ಒಬ್ಬರು ಅಲ್ಲಿ ಕೂರಬೇಕು. ಕನ್ನಡಿಯ ಕಡೆ ಮುಖ ಮಾಡಿ ಕೂರು. ನಾನು ಹಿಂದೆ ನಿಂತು ಮಾತಾಡುತ್ತೇನೆ. ಎದುರಿಗೆ ನಿಂತರೆ ನನ್ನ ಕೈಲಾಗುವುದಿಲ್ಲ.

ಗುಬ್ಬಿ


ಏಪ್ರಿಲ್ 18, ಮಧ್ಯಾಹ್ನ

ಗುಬ್ಬೀ,

ನೀನು ಒಳಗೆ ಮಲಗಿದ್ದೀಯ. ಆ ಮಾತು ಬರೆದು, ಎದ್ದು ಹೋಗಿ ಒಮ್ಮೆ ನೋಡಿ ಬಂದೆ. ಬಸ್ಸಿನಲ್ಲಿ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಎಂದೆ, ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದೆ. ಆರಕ್ಕೆ ವಾಪಸ್ ಬಸ್ಸು. ಅಷ್ಟರಲ್ಲಿ ಇದನ್ನು ಬರೆದು ನಿನ್ನ ಚೀಲದಲ್ಲಿ ಇಡುತ್ತೇನೆ, ದಾರಿಯಲ್ಲಿ ಓದು. ಎದುರಿಗೆ ಹೇಳಲು ನನಗೂ ಬರುವುದಿಲ್ಲ.

ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುವುದು ಹೇಗೆ ಎಂಬ ಭಾಷಣಕ್ಕೂ ಕಾಲೇಜಿನವರು ಅಂಕ ಕೊಡುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. 'ನನ್ನ ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಹೊಲಿಯುತ್ತಾಳೆ' ಎಂದು ನೀನು ಶುರು ಮಾಡಿದಾಗ ಕನ್ನಡಿಯಲ್ಲಿ ಏಳು ಜನರೂ ನನ್ನ ಕಡೆ ತಿರುಗಿದರು. ತಲೆ ಬಗ್ಗಿಸಿದೆ. 'ತಲೆ ಎತ್ತಿ ಅತ್ತಿಗೆ, ಆ ಕುರ್ಚೀಲಿ ಕೂತೋರು ಅಲ್ಲಾಡಬಾರದು' ಎಂದು ಎಡಗೈ ಪಿಸುಗುಟ್ಟಿದ. ಗಂಟು ಕೆಳಗೆ ಬರಬೇಕು ಎಂಬುದನ್ನು ಹೇಳಿ ನೀನು ನಿಂತೆ. ಕನ್ನಡಿಯಲ್ಲಿ ನನ್ನನ್ನೇ ನೋಡಿದೆ. 'ಮಲಗಿದವರ ಮೈಗೆ ತಾಗದ ಹಾಗೆ ಅಮ್ಮ ಗಂಟು ಹಾಕುತ್ತಾಳೆ. ಆದರೆ ಆ ಗಂಟನ್ನು ಬೆರಳಲ್ಲಿ ಹಿಡಿದವಳು ಅವಳು. ಅವಳ ಬೆರಳನ್ನು ನಾನು ಯಾವತ್ತೂ ನೋಡಿರಲಿಲ್ಲ.' ಆಮೇಲೆ ನೀನು ಏನು ಹೇಳಿದೆ ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ನಿನ್ನ ದನಿ ಮಾತ್ರ ಕೇಳುತ್ತಿತ್ತು, ಬೆನ್ನ ಹಿಂದಿನಿಂದ, ಅಷ್ಟು ಹತ್ತಿರ.

ಸಹಿಯ ಹಾಳೆಯನ್ನು ನೀನು ನೋಡದೆ ಮಡಚಿ ಇಟ್ಟುಕೊಂಡೆ. ನೋಡಿದ್ದರೆ ನಗುತ್ತಿದ್ದೆ. ಮೇಷ್ಟ್ರು ಒಂದು ಸಾಲು ಸಾಲದೆ ಹಾಳೆಯ ಹಿಂಭಾಗಕ್ಕೂ ಹೋಗಿದ್ದಾರೆ. ಎಡಗೈ, 'ಕುಟುಂಬಕ್ಕೆ ಸೇರಿದವನಲ್ಲ ಎಂದು ಬಲವಂತವಾಗಿ ಒಪ್ಪಿಸಲಾಗಿದೆ' ಎಂದು ಬರೆದಿದ್ದಾನೆ. ಅದಕ್ಕೆ ಕ್ರೆಡಿಟ್ ಕಡಿಮೆ ಮಾಡದಿದ್ದರೆ ಸಾಕು. ಎಂಟನೆಯದು ನನ್ನದು. ಏನು ಬರೆಯಬೇಕೆಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಇಷ್ಟೇ ಬರೆದೆ: 'ಏಳು ನಿಮಿಷ. ಪೂರ್ತಿ ಕೇಳಿಸಿಕೊಂಡೆ.'

ಇನ್ನು ಫೋನ್ ಎತ್ತುತ್ತೀಯಾ ಎಂದು ಕೇಳುವುದಿಲ್ಲ. ವಾರಕ್ಕೊಂದು ಸಲ ಮಾಡುತ್ತಿರುತ್ತೇನೆ, ಎತ್ತಬೇಕೆನಿಸಿದ ದಿನ ಎತ್ತು.

ಐದಕ್ಕೆ ಎಬ್ಬಿಸು ಎಂದಿದ್ದೀಯ. ಗಡಿಯಾರದಲ್ಲಿ ಈಗ ನಾಲ್ಕು ನಲವತ್ತು. ಒಳಗೆ ಬಂದು ನಿನ್ನ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಹೊದಿಕೆ ಮೇಲೆ ಏರುತ್ತಿದೆ, ಇಳಿಯುತ್ತಿದೆ. ಇನ್ನೂ ಇಪ್ಪತ್ತು ನಿಮಿಷ ಇದೆ, ಕೂಗಿದರೆ ಏಳುವವರ ಪಕ್ಕ ಕೂತಿರಲು.

ನಿನ್ನ ಅಮ್ಮ